ಸಿದ್ದಮ್ಮಕಾಕಿಯ ನಡುಚೌಕ

ಸಿದ್ದಮ್ಮಕಾಕಿ ಯಾರನ್ನು ಕಂಡರೂ ಮೊದಲು ಮುಖ ನೋಡುತ್ತಿರಲಿಲ್ಲ. ಸೆರಗು ಹಿಡಿದು ಎರಡು ಬೆರಳಲ್ಲಿ ಉಜ್ಜಿ ನೋಡುತ್ತಿದ್ದಳು. ನಾನು ಮದುವೆಯಾಗಿ ಗೊಬ್ಬೂರಿಗೆ ಬಂದ ಹೊಸದರಲ್ಲೇ ನನ್ನ ಮದುವೆ ಸೀರೆಗೂ ಕೈ ಹಾಕಿ, “ಇದು ಹರದಾಗ ಹೊರಗ ಒಗೀಬ್ಯಾಡ ಬೇ, ನನಗ ಕೊಡು” ಎಂದಳು. ಹೊಸ ಸೊಸೆಯ ಸೀರೆ ಯಾವಾಗ ಹರಿದೀತೆಂದು ಕಾಯುವ ಹೆಂಗಸನ್ನು ನಾನು ಅದುವರೆಗೆ ನೋಡಿರಲಿಲ್ಲ. ನಮ್ಮತ್ತೆ ಒಳಗಿಂದ ಗೊಣಗಿದರು. ನನಗೆ ಮಾತ್ರ ನಗು ತಡೆಯಲಾಗಲಿಲ್ಲ.

ಕಾಕಿ ನಮ್ಮ ಪಕ್ಕದ ಮನೆಯವಳು, ಹಳೆ ಬಟ್ಟೆಯ ತುಂಡು ಕೂಡಿಸಿ ಹೊದೆಯುವ ಕೌದಿ ಹೊಲಿಯುವವಳು. ನಾನು ಜಂಪರು ಹೊಲಿಯಲು ಮಷೀನು ಇಟ್ಟ ಮೇಲಂತೂ ನಮ್ಮ ಕಟ್ಟೆಯೇ ಅವಳ ಠಾವಾಯಿತು. ನನ್ನ ಕತ್ತರಿಯಿಂದ ಬಿದ್ದ ತುಂಡುಗಳನ್ನು ಆರಿಸುತ್ತಾ, ಇದು ಗೌಡರ ಸೊಸೆಯದು, ಇದು ಅಂಗನವಾಡಿ ಟೀಚರದು ಎಂದು ಗುರುತು ಹಿಡಿಯುತ್ತಿದ್ದಳು. ಊರಲ್ಲಿ ಯಾರು ಯಾವ ಹಬ್ಬಕ್ಕೆ ಏನು ಹೊಲಿಸಿದರೆಂಬುದು ಹೊಲಿದ ನನಗಿಂತ ಅವಳಿಗೇ ಚೆನ್ನಾಗಿ ನೆನಪಿರುತ್ತಿತ್ತು. ಯಾರಾದರೂ ಅಂಗಡಿಯ ಬ್ಲಾಂಕೆಟ್ಟು ಹೊಗಳಿದರೆ ಸಾಕು, ಅವಳ ಮೂಗು ಕೆಂಪಾಗುತ್ತಿತ್ತು. “ಅದರಾಗ ಯಾರ ಮೈ ಬೆವರು ಅದ? ಅದನ್ನ ಹೊಚ್ಕೊಂಡ್ರ ಯಾರ ನೆನಪು ಬರ್ತದ?” ಎಂದು ಜಗಳಕ್ಕೇ ನಿಲ್ಲುತ್ತಿದ್ದಳು.

ಕೌದಿಯನ್ನು ಅಂಚಿನಿಂದ ಒಳಗೆ ಸುತ್ತುತ್ತಾ ಹೊಲಿಯುವುದು ನಮ್ಮ ಕಡೆಯ ರೂಢಿ. ನಟ್ಟನಡುವೆ ಅಂಗೈಯಷ್ಟು ಜಾಗ ಉಳಿದಾಗ ಅಲ್ಲೊಂದು ರೊಟ್ಟಿ ಚೂರು ಇಟ್ಟು ಮುಚ್ಚಬೇಕು. ಕೌದಿಯ ಹೊಟ್ಟೆ ಖಾಲಿ ಇದ್ದರೆ ಹೊದ್ದವರ ಹೊಟ್ಟೆಯೂ ಖಾಲಿ ಎಂದು ಕಾಕಿ ಬಲವಾಗಿ ನಂಬಿದ್ದಳು. ನಡುವಿನ ಆ ಜಾಗಕ್ಕೆ ಬಂದಾಗಲೆಲ್ಲ ಮಾತ್ರ ಅವಳು ಮಂಕಾಗುತ್ತಿದ್ದಳು. ಅವಳ ತಾಯಿ ಯಡ್ರಾಮಿ ಕಡೆಯವಳು. ಆಕೆ ಹೊಲಿದ ಕೌದಿಯ ನಡುವೆ ನಾಲ್ಕು ಬಣ್ಣದ ಒಂದು ಚೌಕ ಬರುತ್ತಿತ್ತಂತೆ. ನಾಲ್ಕೂ ತುಂಡು ತಿರುಗಿದಂತೆ ಕಾಣುತ್ತಿದ್ದವಂತೆ, ಯಾವುದು ಮೇಲೆ ಯಾವುದು ಕೆಳಗೆ ತಿಳಿಯುತ್ತಿರಲಿಲ್ಲವಂತೆ. ಮೊಮ್ಮಗಳು ಮಹಾದೇವಿ, ಅಂದರೆ ಕಾಕಿಯ ಒಬ್ಬಳೇ ಮಗಳು, ಹುಟ್ಟಿದಾಗ ಆಕೆ ತೊಟ್ಟಿಲಿಗೆಂದು ಅಂಥದೊಂದು ಕೌದಿ ಹೊಲಿದು ಕೊಟ್ಟಿದ್ದಳು.

ಮಹಾದೇವಿ ಬಾಣಂತಿಯಾಗಿದ್ದಾಗಲೇ ತೀರಿಕೊಂಡಳು. ಮಣ್ಣು ಮಾಡಲು ಒಯ್ಯುವಾಗ ಮೈ ತಣ್ಣಗಿದೆ ಎಂದು ಕಾಕಿಯೇ ಆ ಕೌದಿ ತಂದು ಹೊದಿಸಿದಳಂತೆ. ಆ ಹೊತ್ತಿಗೆ ಕಾಕಿಯ ತಾಯಿಯೂ ತೀರಿಹೋಗಿದ್ದಳು. ಹೀಗೆ ಆ ಚೌಕ ಮಣ್ಣಿಗೆ ಹೋಯಿತು. ಉಳಿದದ್ದು ಬಟ್ಟೆಯಲ್ಲಿ ಸುತ್ತಿದ್ದ ಕೂಸು ಭಾಗ್ಯ. ಅದನ್ನು ಕಾಕಿಯೇ ಸಾಕಿದಳು. ಇವಳ ಹೊಟ್ಟೆಯಲ್ಲಿ ಹುಟ್ಟುವ ಕೂಸಿಗೆ ನಮ್ಮವ್ವನ ಚೌಕ ಹಾಕಿದ ಕೌದಿ ಕೊಡಬೇಕು ಎಂಬುದೊಂದೇ ಅವಳ ಹಟ. ಭಾಗ್ಯ ಅದನ್ನು ಕೇಳುತ್ತಲೇ ದೊಡ್ಡವಳಾದಳು.

ಎಷ್ಟು ಸಲ ಮಾಡಿದಳೋ, ಎಷ್ಟು ಸಲ ಬಿಚ್ಚಿದಳೋ. ನನ್ನ ಮಷೀನಿನಲ್ಲೂ ಹೊಲಿಸಿದಳು. ಯಾವಾಗಲೂ ಕೊನೆಯ ತುಂಡು ಮೇಲೆ ಬಂದು ಕೂಡುತ್ತಿತ್ತು. ಇದಲ್ಲ ಎಂದು ನನ್ನ ಮೇಲೇ ಸಿಡುಕುತ್ತಿದ್ದಳು. ಒಮ್ಮೆ ಅವಳ ತವರಿನ ನೆಂಟರ ಮನೆಯಲ್ಲಿ ತಾಯಿ ಹೊಲಿದ ಹಳೆಯ ಕೌದಿ ಇದೆಯೆಂದು ಕೇಳಿ ಇಬ್ಬರೂ ಬಸ್ಸು ಹತ್ತಿ ಹೋದೆವು. ಅವರು ಅದನ್ನು ಟ್ರ್ಯಾಕ್ಟರಿನ ಸೀಟಿಗೆ ಹಾಸಿದ್ದರು. ಅಂಚು ಗಟ್ಟಿಯಿತ್ತು, ಕೂತು ಕೂತು ನಡುವೇ ಹಾರಿಹೋಗಿತ್ತು. ಕಾಕಿ ಆ ತೂತಿನ ಸುತ್ತ ಬೆರಳಾಡಿಸಿ, ಅವರು ಕೊಟ್ಟ ಚಹಾ ಕುಡಿದು ಎದ್ದಳು.

ಭಾಗ್ಯ ಜೇವರ್ಗಿಗೆ ಸೊಸೆಯಾಗಿ ಹೋಗಿ, ಆಸ್ಪತ್ರೆ ಹತ್ತಿರವೆಂದು ಹೆರಿಗೆಗೂ ಅಲ್ಲೇ ಉಳಿದು, ದಿನ ತುಂಬಿದ್ದಾಗ ಆ ಚೌಕದ ಗುಟ್ಟು ಸಿಕ್ಕಿತು. ನಾನು ದಾರದ ರೀಲುಗಳನ್ನು ರಟ್ಟಿನ ಡಬ್ಬಿಗೆ ತುಂಬಿ ಮುಚ್ಚುತ್ತಿದ್ದೆ. ಡಬ್ಬಿಯ ನಾಲ್ಕು ಕಿವಿಗಳನ್ನು ಒಂದರ ಕೆಳಗೊಂದು ಸಿಗಿಸಿ, ಕೊನೆಯದನ್ನು ಮೊದಲನೆಯದರ ಅಡಿಗೆ ತೂರಿಸಿದೆ. ಎಲ್ಲರೂ ಮಾಡುವುದೇ. ಕಾಕಿ ನನ್ನ ಕೈ ಹಿಡಿದುಬಿಟ್ಟಳು.

“ತೆಗಿ. ಇನ್ನೊಮ್ಮೆ ಮುಚ್ಚು.”

ಮುಚ್ಚಿದೆ. ಅವಳ ಕಣ್ಣಿಂದ ನೀರು ಸುರಿಯುತ್ತಿತ್ತು. “ನಮ್ಮವ್ವ ಚೌಕ ಹೊಲ್ದೇ ಇಲ್ಲ ಬೇ ಸುನಂದಾ. ರೊಟ್ಟಿ ಇಟ್ಟು ಬಾಯಿ ಮುಚ್ಯಾಳ, ಅಷ್ಟ. ನಾ ಹುಚ್ಚಿ, ಬ್ಯಾರೆ ಹೊಲ್ದು ತಂದು ಹಚ್ಚಾಕತ್ತಿದ್ದೆ.”

ಸುತ್ತಲಿನ ನಾಲ್ಕು ತುಂಡುಗಳ ತುದಿಗಳನ್ನೇ ಡಬ್ಬಿಯ ಕಿವಿಗಳಂತೆ ರೊಟ್ಟಿಯ ಮೇಲೆ ಒಂದರಡಿಗೊಂದು ಮಡಚಿ ಕಾಕಿ ಕೂಸಿನ ಕೌದಿ ಮುಗಿಸಿದಳು. ಆ ಕೌದಿಯಷ್ಟು ಚೆಂದದ್ದನ್ನು ನಾನು ಕಂಡಿಲ್ಲ. ಮೊಬೈಲಿನಲ್ಲಿ ಫೋಟೊ ಹಿಡಿದೆ. ಕೂಸು ಹುಟ್ಟಿದ ಸುದ್ದಿ ಬಂದ ಮೇಲೆ, ಕಾಕಿ ಅದನ್ನು ಹೊಸ ಚೀಲದಲ್ಲಿಟ್ಟುಕೊಂಡು ನನ್ನನ್ನೂ ಕರೆದುಕೊಂಡು ಜೇವರ್ಗಿಗೆ ಹೊರಟಳು. ದಾರಿಯುದ್ದಕ್ಕೂ ಬಸ್ಸಿನವರಿಗೆಲ್ಲ ಬಿಚ್ಚಿ ತೋರಿಸಿದಳು.

ಭಾಗ್ಯ ಒಳಕೋಣೆಯಲ್ಲಿ ಕೂಸಿಗೆ ಹಾಲೂಡಿಸುತ್ತಿದ್ದಳು. ಪಡಸಾಲೆಯಲ್ಲಿ ಬೀಗತಿಯ ಮುಂದೆ ಕಾಕಿ ಕೌದಿ ಹಾಸಿದಳು. ಖುಷಿಯಲ್ಲಿ ಅವಳಿಗೆ ಬಾಯಿಗೆ ತಡೆಯಿರಲಿಲ್ಲ. ತಾಯಿಯ ಸುದ್ದಿ, ಮಗಳ ಸುದ್ದಿ, ಇಂಥದೇ ಚೌಕದ ಕೌದಿ ಹೊದಿಸಿ ಅವಳನ್ನು ಮಣ್ಣಿಗೆ ಕಳಿಸಿದ್ದು, ಎಲ್ಲ ಹೇಳಿದಳು. ನಾನು ಮೊಣಕೈಯಿಂದ ತಿವಿದೆ, ಅವಳಿಗೆ ತಿಳಿಯಲಿಲ್ಲ. ಬೀಗತಿ ಕೌದಿಯ ಮೇಲಿಟ್ಟಿದ್ದ ಕೈ ತೆಗೆದಳು. ಕೆಟ್ಟ ಹೆಂಗಸೇನಲ್ಲ ಅವಳು.

“ತಪ್ಪ ತಿಳ್ಕೋಬ್ಯಾಡ್ರಿ” ಎಂದಳು ಮೆತ್ತಗೆ. “ಬಾಣಂತಿ ಮೈಮ್ಯಾಲೆ ಮಣ್ಣಿಗಿ ಹೋದದ್ದು ನಮ್ಮ ತೊಟ್ಲಾಗ ಬ್ಯಾಡ್ರಿ. ನನ್ನ ಜೀವ ತಡಿಯಂಗಿಲ್ರಿ.”

ಕಾಕಿ “ಖರೇ ಅದರಿ” ಎಂದು, ಕೌದಿ ಮಡಚಿ, ಭಾಗ್ಯ ಹೊರಗೆ ಬರುವ ಮೊದಲೇ ಚೀಲಕ್ಕೆ ಹಾಕಿದಳು. ಭಾಗ್ಯ ಬಂದು ಕೌದಿ ಎಲ್ಲಿ ಎಂದಾಗ, ನಡುವಿನದು ಇನ್ನೂ ಮುಗಿದಿಲ್ಲ, ಮುಗಿಸಿ ಕಳಿಸುತ್ತೇನೆ ಎಂದಳು. ಕೂಸಿನ ಕಾಲು ಹಿಡಿದು ಮುದ್ದಿಟ್ಟಳು. ನನಗೆ ಅಲ್ಲಿಂದ ಎದ್ದು ಓಡಬೇಕೆನಿಸಿತ್ತು.

ಮರುದಿನ ನಮ್ಮ ಕಟ್ಟೆಯ ಮೇಲೆ ಕುಳಿತು ಸೂಜಿಯ ಮೊನೆಯಿಂದ ಆ ಚೌಕವನ್ನು ಬಿಚ್ಚತೊಡಗಿದಳು. ನಾನು ಜಗಳವಾಡಿದೆ. ಇದನ್ನು ನೀನೇ ಹೊದ್ದುಕೊ, ಕೂಸಿಗೆ ಬೇರೆ ಹೊಲಿಯೋಣ ಎಂದೆ. ಅವಳು ತಲೆ ಎತ್ತಲಿಲ್ಲ.

“ಮಗಳಿಗಿ ಹೊಚ್ಚಿ ಕಳಿಸಿದ್ದು ಮಗಳದೇ ಇರ್ಲಿ. ಭಾಗ್ಯಾಗ ಇದು ಹೇಳಬ್ಯಾಡ. ಅಕಿ ಆ ಅತ್ತಿ ಜೋಡಿನೇ ಬಾಳೇ ಮಾಡೋದದ. ಫೋನಿನಾಗಿಂದೂ ತಗದು ಹಾಕು.”

ನನ್ನಲ್ಲಿದ್ದ ನೀಲಿ ಲೈನಿಂಗ್ ಬಟ್ಟೆ ಕೇಳಿ ಇಸಿದುಕೊಂಡಳು. ಹೊಸ ರೊಟ್ಟಿ ಚೂರು ಇಟ್ಟು, ಅದರ ಮೇಲೆ ಆ ಬರೀ ನೀಲಿಯನ್ನು ಸಾದಾ ಹೊಲಿಗೆಯಲ್ಲಿ ಹಚ್ಚಿ ಜೇವರ್ಗಿಗೆ ಕಳಿಸಿದಳು. ಈ ಸಲ ತೊಟ್ಟಿಲು ಅದನ್ನು ಒಪ್ಪಿತು. ಆಮೇಲೆ ಕಾಕಿ ಸೂಜಿ ಹಿಡಿದದ್ದು ನಾನು ನೋಡಲಿಲ್ಲ. ಕಟ್ಟೆಗೆ ಬಂದರೂ ನನ್ನ ತುಂಡುಗಳನ್ನು ಮುಟ್ಟುತ್ತಿರಲಿಲ್ಲ. ಆ ಚಳಿಗಾಲ ದಾಟಲಿಲ್ಲ ಅವಳು.

ಮಣ್ಣಿಗೆ ಭಾಗ್ಯ ಬಂದಿದ್ದಳು, ಬೀಗತಿಯೂ ಬಂದಿದ್ದಳು. ಎಲ್ಲ ಮುಗಿದ ಮೇಲೆ ನಮ್ಮ ಕಟ್ಟೆಯ ಮೇಲೆ ಆ ಕೌದಿ ಹಾಸಿ ಕೂಸನ್ನು ಮಲಗಿಸಿದರು. ಭಾಗ್ಯ ಅದನ್ನೇ ನೋಡುತ್ತಾ ಅಜ್ಜಿಯ ಬಗ್ಗೆ ನನ್ನನ್ನು ಕೇಳಿದಳು. “ಚಿಗವ್ವ, ಅವರವ್ವನ ಚೌಕ ಆಯಿಗಿ ಕಡೀಕೂ ನೆನಪಾಗ್ಲೇ ಇಲ್ಲೇನು?”

ಬೀಗತಿ ನನ್ನ ಕಡೆ ನೋಡಿದಳು, ಆಮೇಲೆ ನೆಲ ನೋಡಿದಳು.

“ಇಲ್ಲವ್ವ” ಎಂದೆ. “ನೆನಪಾಗ್ಲಿಲ್ಲ.”

ಅದೊಂದು ಆಸೆ ತೀರದೆಯೇ ಹೋದಳಲ್ಲ ಎಂದು ಭಾಗ್ಯ ಆ ನೀಲಿ ಬಟ್ಟೆಯ ಮೇಲೆ ಕೈಯಾಡಿಸುತ್ತಾ ಅತ್ತಳು.