ಮೊದಲು ಕೂಗು, ಆಮೇಲೆ ಮುಟ್ಟು

ಕುಮಟಾದ ಒಂದು ಖಾಸಗಿ ಕಾಲೇಜು ಮಂಗಲಾಳ ಐದು ತಿಂಗಳ ಸಂಬಳವನ್ನು ಇನ್ನೂ ಬಾಕಿ ಇಟ್ಟುಕೊಂಡಿದೆ. ಕೇಳಿದ್ದಕ್ಕೆ ಆಡಳಿತದವರು ಕೈಯಲ್ಲಾಡಿಸಿದರು. ಉಳಿದ ಅರೆಕಾಲಿಕ ಉಪನ್ಯಾಸಕರನ್ನು ಕಟ್ಟಿಕೊಂಡು ಗೇಟಿನೆದುರು ಧರಣಿ ಕೂತಳು. ಮರುವರ್ಷ ಟೈಮ್‌ಟೇಬಲ್‌ನಲ್ಲಿ ಅವಳ ಹೆಸರೇ ಇರಲಿಲ್ಲ. ಹೊನ್ನಾವರ ಬಂದರದಲ್ಲಿ ಮೀನು ಮಾರುವ ತಿಮ್ಮಕ್ಕನ ಮಗಳು, ಫಿಸಿಕ್ಸ್‌ನಲ್ಲಿ ಎಂ.ಎಸ್ಸಿ.; ಅಳುತ್ತ ಕೂರುವವರ ಪೈಕಿಯಲ್ಲ. 2004ರಲ್ಲಿ ಇಥಿಯೋಪಿಯಾದ ವಿಶ್ವವಿದ್ಯಾಲಯವೊಂದಕ್ಕೆ ಪಾಠ ಹೇಳಲು ಹೊರಟೇಬಿಟ್ಟಳು.

ಅಲ್ಲಿ ಕಾದಿದ್ದು ಬೇರೆ ಫಜೀತಿ. ಗಂಟೆಗಟ್ಟಲೆ ಮಾತಾಡಿ ನೋಟ್ಸ್ ಬರೆಸುವುದು ನಡೆಯದು. ವಿದ್ಯಾರ್ಥಿಗಳು ಗುಂಪಾಗಿ ಕೂತು, ಜಗಳಾಡಿ, ಕೈಯಾರೆ ಮಾಡಿ ಕಲಿಯಬೇಕು.

"ನಿಮ್ಮ ಕ್ಲಾಸಿನಲ್ಲಿ ನಿಮ್ಮೊಬ್ಬರದೇ ದನಿ," ಎಂದರು ಡೀನ್. "ಟರ್ಮ್ ಮುಗಿಯುವುದರೊಳಗೆ ಬಂದು ನೋಡುತ್ತೇನೆ. ಹೀಗೇ ಇದ್ದರೆ ನಿಮ್ಮ ಕರಾರು ಮುಂದುವರಿಯುವುದಿಲ್ಲ."

ಮಂಗಲಾ ಬೆಂಚು ತಿರುಗಿಸಿ ಗುಂಪು ಮಾಡಿದಳು. ಪ್ರಶ್ನೆ ಹಾಕಿದಳು: ಸಣ್ಣ ಕೆರೆಯಲ್ಲಿ ಕಲ್ಲು ಹೇರಿದ ದೋಣಿ ತೇಲುತ್ತಿದೆ. ಕಲ್ಲನ್ನು ನೀರಿಗೆ ಎಸೆದರೆ ಕೆರೆಯ ಮಟ್ಟ ಏರುತ್ತದೋ, ಇಳಿಯುತ್ತದೋ? ಇಡೀ ಕ್ಲಾಸು ಗಪ್‌ಚಿಪ್. ಮರುದಿನವೂ ಅಷ್ಟೇ.

ಪಕ್ಕದ ಕ್ವಾರ್ಟರ್ಸಿನ ನಿತ್ಯಾನಂದನೆದುರು ಗೋಳು ಹೇಳಿಕೊಂಡಳು. ಅವನು ಶಿರಾಲಿಯವ, ಅಲ್ಲೇ ಕೆಮಿಸ್ಟ್ರಿ ಕಲಿಸುತ್ತಿದ್ದ.

"ಎಂತ ಕೇಳ್ದೆ ಮಂಗಲಕ್ಕ?"

"ದೋಣಿ ಲೆಕ್ಕ ಮಾರಾಯ. ನಮ್ಮಲ್ಲಿ ಅಂಗನವಾಡಿ ಮಕ್ಳೂ ಬಾಯಿ ಬಿಡ್ತವೆ."

"ಈ ದೇಶಕ್ಕೆ ಸಮುದ್ರ ಎಲ್ಲದೆ? ಗುಡ್ಡದ ಮೇಲಿನ ಮಕ್ಳು ದೋಣಿ ಕಂಡಿದ್ವಾ? ಕಾಣದ ಮೀನಿಗೆ ಯಾರಾದ್ರೂ ರೇಟು ಕೂಗ್ತಾರಾ?"

ಮಂಗಲಾ ಹಣೆ ಬಡಿದುಕೊಂಡಳು. ಕಡಲ ದಂಡೆಯಲ್ಲಿ ಹುಟ್ಟಿದವರಿಗೆ ಲೋಕವೆಲ್ಲ ದೋಣಿಯೇ.

ಆದರೆ ಅವನ ಚೇಷ್ಟೆ ತಲೆಯಲ್ಲಿ ಕೂತಿತು. ಬಂದರದ ಹರಾಜಿಗೆ ಒಂದು ಕಟ್ಟಳೆಯುಂಟು. ಮೀನಿನ ರಾಶಿಯನ್ನು ಕಣ್ಣಲ್ಲೇ ಅಳೆದು ಕೂಗಬೇಕು; ಕೂಗುವ ಮುಂಚೆ ಬುಟ್ಟಿ ಮುಟ್ಟುವಂತಿಲ್ಲ. ಒಮ್ಮೆ ಕೂಗಿದವರು ಆಮೇಲೆ ರಾಶಿಯಿಂದ ಕಣ್ಣು ಕೀಳುವುದಿಲ್ಲ.

ಬಕೆಟ್ಟು, ಬೋಗುಣಿ, ಕಲ್ಲು ತಂದಳು. ಕಲ್ಲಿಟ್ಟ ಬೋಗುಣಿಯನ್ನು ನೀರಿನಲ್ಲಿ ತೇಲಿಬಿಟ್ಟು, ಮಟ್ಟಕ್ಕೆ ಗೆರೆ ಎಳೆದಳು. "ಯಾರೂ ಮುಟ್ಟಬೇಡಿ. ಮೊದಲು ಕೂಗಿ!" ಹಿಂದಿನ ಬೆಂಚಿನವನೊಬ್ಬ "ಏರುತ್ತದೆ" ಎಂದ. ಪಕ್ಕದವಳು ನಕ್ಕು, "ನಿನ್ನ ತಲೆ! ಹಾಗೇ ಇರುತ್ತದೆ" ಎಂದಳು. ಆತು, ಕ್ಲಾಸು ಬಂದರವಾಯಿತು.

ಆ ಗಲಾಟೆಯ ನಡುವೆಯೇ ಡೀನ್ ಬಾಗಿಲಲ್ಲಿ ಬಂದು ನಿಂತರು. ಮುಂದಿನ ಬೆಂಚಿನ ಹುಡುಗಿ ಎದ್ದಳು. "ಸರ್, ಕಲ್ಲು ನೀರಿಗೆ ಬಿದ್ದರೆ ಮಟ್ಟ ಏರುತ್ತದೋ, ಇಳಿಯುತ್ತದೋ? ನೋಡಲು ಬಂದವರೂ ಕೂಗಬೇಕು. ಇಲ್ಲಿ ಅದೇ ಕಾನೂನು."

"ಏರುತ್ತದೆ," ಎಂದರು ಡೀನ್.

ಆ ಹುಡುಗಿ ಕಲ್ಲನ್ನೆತ್ತಿ ನೀರಿಗೆ ಬಿಟ್ಟಳು. ಮಟ್ಟ ಗೆರೆಗಿಂತ ಬೆರಳಗಲ ಕೆಳಗಿಳಿಯಿತು. ಕ್ಲಾಸು ಕೇಕೆ ಹಾಕಿತು. ಡೀನ್ ಕೋಟು ಕಳಚಿ ಗುಂಪಿನಲ್ಲಿ ಕೂತರು. "ಯಾಕೆ?"

ಬೋಗುಣಿಯಲ್ಲಿದ್ದಾಗ ಕಲ್ಲು ತನ್ನ ತೂಕದಷ್ಟು ನೀರನ್ನು ಸರಿಸುತ್ತದೆ, ಮುಳುಗಿದ ಮೇಲೆ ತನ್ನ ಗಾತ್ರದಷ್ಟು ಮಾತ್ರ. ಇಷ್ಟಕ್ಕೆ ಅವರವರೇ ಕಿತ್ತಾಡಿ ಬಂದು ಮುಟ್ಟಿದರು. ಮಂಗಲಾ ತುಟಿ ಬಿಚ್ಚಲಿಲ್ಲ. ಅಷ್ಟು ಹೆಮ್ಮೆ ಅವಳಿಗೆ ಎಂ.ಎಸ್ಸಿ. ಪಾಸಾದಾಗಲೂ ಆಗಿರಲಿಲ್ಲ.

ಕರಾರು ಮುಂದುವರಿಯಿತು. ಹೊಸ ಮೇಷ್ಟ್ರುಗಳನ್ನು ಡೀನ್ ಅವಳ ಕ್ಲಾಸಿಗೇ ಕಳಿಸತೊಡಗಿದರು. ಹೊನ್ನಾವರದಲ್ಲಿ ತಿಮ್ಮಕ್ಕ, "ನಮ್ಮ ಹುಡುಗಿ ಪರದೇಶ್ದಲ್ಲಿ ಹರಾಜು ನಡೆಸ್ತದೆ!" ಎಂದು ಗಿರಾಕಿಗಳಿಗೆಲ್ಲ ಸಾರಿದಳು.

ಓದಿದ್ದು ಸಾಕು, ಈಗ ನೀವು ಏಳಿ. ನಾಳೆ ನಿಮ್ಮ ಮಗುವಿನ ಕ್ಲಾಸಿನ ಹೊರಗೆ ನಿಲ್ಲಿ. ಮೇಷ್ಟ್ರ ದನಿಯೊಂದೇ ಕೇಳಿದರೆ, ಮಕ್ಕಳು ಯಾಕೆ ಮಾತಾಡುತ್ತಿಲ್ಲ ಎಂದು ಕೇಳಿ. ಉತ್ತರ ಸಿಗುವವರೆಗೆ ಅಲ್ಲಿಂದ ಕದಲಬೇಡಿ.