ಶೋಭಾ ಕೆಡಿಸದ ಡಿಸ್ಕ್

ನಾನು ಮಾಡಿದ ತಪ್ಪಿಗೆ ನನ್ನ ಸೊಸೆ ನನ್ನ ಹತ್ತಿರವೇ ಕ್ಷಮೆ ಕೇಳಿದಳು — ನಾನು ಕ್ಷಮಿಸಿದೆ. ಇದಕ್ಕಿಂತ ಮೆತ್ತಗೆ ಈ ಮಾತನ್ನು ಹೇಳಲು ನನಗೆ ಬರುವುದಿಲ್ಲ. ಮನೆಯ ಕಂಪ್ಯೂಟರಿನ ಡಿಸ್ಕಿನಲ್ಲಿದ್ದ ಅವಳ ದುಡಿಮೆಯನ್ನೆಲ್ಲ ಅಳಿಸಿದವನು ನಾನು. ಅವಳೇ ಅಳಿಸಿದಳೆಂದು ಮನೆಯವರು ನಂಬಿದರು, ಅವಳೂ ನಂಬಿದಳು. ನಂಬಲು ನಾನು ಬಿಟ್ಟೆ.

ರಾವಂದೂರಿನ ಹತ್ತಿರ ನಮ್ಮದೊಂದು ಹಿಟ್ಟಿನ ಗಿರಣಿ. ಎಸ್ಸೆಸ್ಸೆಲ್ಸಿ ಮುಗಿಸಿದವನು ಅಪ್ಪನ ಕೈಯಿಂದ ಅದನ್ನು ತೆಗೆದುಕೊಂಡು ಬದುಕೆಲ್ಲ ಅದರ ಸದ್ದಿನಲ್ಲೇ ಕಳೆದೆ. ಶೋಭಾ ನನ್ನ ಮಗ ಮಹೇಶನ ಹೆಂಡತಿ, ಹಂಪಾಪುರದವಳು. ಅವಳದು ರವಿಕೆಯ ಕಸೂತಿ ಕೆಲಸ. ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸಿ ಕೊಟ್ಟರೆ ಕಸೂತಿ ಯಂತ್ರ ಅದನ್ನು ಬಟ್ಟೆಯ ಮೇಲೆ ತಾನೇ ಹೊಲಿಯುತ್ತದೆ. ಯಂತ್ರ ಯಾರ ಮನೆಯಲ್ಲಾದರೂ ಇರಬಹುದು, ಚಿತ್ರ ಮಾತ್ರ ಅವಳದೇ. ಹೊಗೆಸೊಪ್ಪಿನ ಗಿಡದ ತಿಳಿಗೆಂಪು ಹೂವನ್ನು ತೋಳಿನ ಅಂಚಿಗೆ ಸಾಲಾಗಿ ತಂದವಳು ನಮ್ಮ ಸೀಮೆಯಲ್ಲಿ ಅವಳೊಬ್ಬಳೇ. ಪಿರಿಯಾಪಟ್ಟಣದಿಂದ, ಕೆ.ಆರ್. ನಗರದಿಂದ ಮದುವೆ ರವಿಕೆಗಳು ಹುಡುಕಿಕೊಂಡು ಬರುತ್ತಿದ್ದವು. ಅಷ್ಟೂ ಚಿತ್ರಗಳು ಒಂದೇ ಡಿಸ್ಕಿನಲ್ಲಿದ್ದವು. ಅದು ಕರಕರ ಸದ್ದು ಮಾಡತೊಡಗಿತ್ತು. ಕೆಡುವ ಮೊದಲೇ ಎಲ್ಲವನ್ನೂ ಹೊಸದಕ್ಕೆ ಸಾಗಿಸಿ, ಹಳೆಯದನ್ನು ಇನ್ನೊಂದು ಪ್ರತಿಯಾಗಿ ಎತ್ತಿಡುವುದು ಅವಳ ಯೋಚನೆ.

ಹುಣಸೂರಿನ ಅಂಗಡಿಯಿಂದ ಅಷ್ಟೇ ಗಾತ್ರದ, ಅದೇ ಕಂಪನಿಯ ಹೊಸ ಡಿಸ್ಕನ್ನು ನಾನೇ ತಂದೆ. ಜೊತೆಗೆ ಎರವಲಾಗಿ ಒಂದು ಚಿಕ್ಕ ಪೆಟ್ಟಿಗೆ ಕೊಟ್ಟರು. ಎರಡು ಡಿಸ್ಕುಗಳನ್ನು ಅದರಲ್ಲಿ ಪಕ್ಕಪಕ್ಕ ನಿಲ್ಲಿಸಿ ಗುಂಡಿ ಒತ್ತಿದರೆ ಎಡಗಡೆಯದರಲ್ಲಿ ಇರುವುದೆಲ್ಲ ಬಲಗಡೆಯದಕ್ಕೆ ಇಳಿಯುತ್ತದೆ. ನಮ್ಮ ಮನೆಯಲ್ಲಿ ಹೊಸ ವಸ್ತು ಯಾವುದೇ ಬರಲಿ, ವಿಭೂತಿ ಹಚ್ಚದೆ ಒಳಗೆ ಇಡುವುದಿಲ್ಲ. ಹೊಸ ಡಿಸ್ಕಿಗೂ ಮೂರು ಎಳೆ ಎಳೆದೆ. ಶೋಭಾ ನಕ್ಕಳು. "ಸರಿಹೋಯ್ತು ಬುಡಿ ಮಾವ, ಯಾವ್ದು ಹೊಸ್ದು ಅಂತ ಹುಡುಕಂಗೇ ಇಲ್ಲ."

ಆಯುಧಪೂಜೆಯ ಹಿಂದಿನ ದಿನ ಅವಳು ಕಂಪ್ಯೂಟರ್ ಬಿಚ್ಚಿ ಹಳೆಯ ಡಿಸ್ಕನ್ನು ಹೊರತೆಗೆದಳು. ಅಷ್ಟರಲ್ಲೇ ಹಂಪಾಪುರದಿಂದ ಫೋನು — ಅವಳ ಅಪ್ಪ ಮಾದಪ್ಪನವರಿಗೆ ಎದೆನೋವು. ಮಹೇಶ ಬೈಕು ತೆಗೆದ. ಶೋಭಾ ಎರಡೂ ಡಿಸ್ಕುಗಳನ್ನು ಮೇಜಿನ ಮೇಲಿಟ್ಟು, ಹೊಸಿಲಲ್ಲಿ ತಿರುಗಿ ನಿಂತು ಹೇಳಿದಳು:

"ಯಾರೂ ಮುಟ್ಟದಂಗೆ ನೋಡ್ಕಳಿ ಮಾವ. ಬಂದು ನಾನೇ ಮಾಡ್ತೀನಿ."

ಆಯಿತು ಅಂದೆ. ಮಾತು ಕೊಟ್ಟೆ — ಅದನ್ನೂ ಬರೆದುಬಿಡುತ್ತೇನೆ.

ಆಯುಧಪೂಜೆ ಎಂದರೆ ಗಿರಣಿಯವರಿಗೆ ವರ್ಷದ ದೊಡ್ಡ ದಿನ. ಹೊಸ ಬೆಲ್ಟು, ಹೊಸ ಕಲ್ಲು, ಏನೇ ಇದ್ದರೂ ಆ ದಿನವೇ ಮೊದಲು ತಿರುಗಬೇಕು, ಆ ದಿನ ಹೂಡಿದ ಯಂತ್ರ ಕೈಕೊಡುವುದಿಲ್ಲ — ಅಪ್ಪ ಹಾಗೆ ಹೇಳುತ್ತಿದ್ದರು, ನಾನೂ ಹಾಗೇ ನಡೆದುಕೊಂಡು ಬಂದವನು. ಬೆಳಗ್ಗೆ ನನ್ನ ಹೆಂಡತಿ ಗಿರಿಜಮ್ಮ ಕುಡುಗೋಲು, ಈಳಿಗೆಮಣೆ, ಮಿಕ್ಸಿ ಎಲ್ಲವನ್ನೂ ತಿಕ್ಕಿ ಒರೆಸಿದಳು. ಮೇಜಿನ ಮೇಲಿದ್ದ ಡಿಸ್ಕುಗಳನ್ನೂ ಬಿಡಲಿಲ್ಲ. ಹಳೆಯದರ ಧೂಳು ಹೋಯಿತು, ಹೊಸದರ ಮೇಲೆ ನಾನು ಹಚ್ಚಿದ್ದ ವಿಭೂತಿಯೂ ಹೋಯಿತು. ಆಮೇಲೆ ಎರಡಕ್ಕೂ ಸಮನಾಗಿ ಮೂರು ಎಳೆ ವಿಭೂತಿ, ನಡುವೆ ಕುಂಕುಮ. ಪೂಜೆಯ ತಟ್ಟೆ, ಕಡ್ಲೆಪುರಿ ಎತ್ತಿಕೊಂಡು ಅವಳು ಗಿರಣಿಗೆ ನಡೆದಳು. ನಾನು ಮನೆಯಲ್ಲೇ ಉಳಿದೆ.

ಈ ದಿನ ತಪ್ಪಿದರೆ ಇನ್ನೊಂದು ವರ್ಷ. ಇವತ್ತೇ ಮಾಡಿಟ್ಟರೆ ಶೋಭಾ ಬಂದು ನೋಡಿ ಸಂತೋಷಪಟ್ಟಾಳು. ಹೀಗೆಲ್ಲ ಅಂದುಕೊಂಡೆ. ಆದರೆ ನಿಜ ಅಷ್ಟೇ ಅಲ್ಲ — ಇಷ್ಟು ವರ್ಷ ಯಂತ್ರ ಆಳಿದವನಿಗೆ ಇದೇನು ಮಹಾ ಎನ್ನುವ ಹಮ್ಮು. ಮೇಜಿನ ಮುಂದೆ ಕೂತಾಗ ಎರಡೂ ಡಿಸ್ಕುಗಳು ಅವಳಿಜವಳಿಯಂತೆ ಕಂಡವು. ಅನುಮಾನ ಬಂತು. ಬಂದಿತ್ತು — ಬರಲಿಲ್ಲ ಎಂದು ಸುಳ್ಳು ಹೇಳಲಾರೆ. ಒಂದು ಫೋನು ಮಾಡಿದ್ದರೆ... ಮಾಡಲಿಲ್ಲ. ಯಾವುದು ಹೆಚ್ಚು ಹೊಳೆಯುತ್ತಿತ್ತೋ ಅದನ್ನು ಹೊಸದೆಂದು ಬಗೆದು ಬಲಗಡೆಗೆ ಸಿಕ್ಕಿಸಿದೆ. ಗಿರಿಜಮ್ಮನ ಬಟ್ಟೆ ಹೆಚ್ಚು ಹೊತ್ತು ಓಡಾಡಿದ್ದು ಕೊಳೆಯಾಗಿದ್ದ ಹಳೆಯದರ ಮೇಲೆ ಎಂಬುದು ತಲೆಗೆ ಹೊಳೆಯಲಿಲ್ಲ. ಗುಂಡಿ ಒತ್ತಿದೆ. ಪೆಟ್ಟಿಗೆಯ ದೀಪಗಳು ಒಂದೊಂದಾಗಿ ಹತ್ತುತ್ತಾ ಹೋದವು. ಊಟದ ಹೊತ್ತಿಗೆ ಕೆಲಸ ಮುಗಿದಿತ್ತು.

ಬಲಗಡೆಯದನ್ನು ಕಂಪ್ಯೂಟರಿಗೆ ಹಾಕಿದರೆ ಪರದೆ ಕಪ್ಪಾಗಿಯೇ ಇತ್ತು. ಎಡಗಡೆಯದನ್ನು ಹಾಕಿದೆ, ಅದೂ ಹಾಗೇ. ಹುಣಸೂರಿನ ಅಂಗಡಿಯವನಿಗೆ ಫೋನು ಮಾಡಿ, ಸುಮ್ಮನೆ ಕೇಳುವವನ ಹಾಗೆ ಕೇಳಿದೆ: "ಅಕಸ್ಮಾತ್ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಆಗೋಯ್ತು ಅಂದ್ಕಳಪ್ಪ. ಏನಾಯ್ತದೆ?"

"ಖಾಲಿದು ತುಂಬಿದ್ದನ್ನೂ ಖಾಲಿ ಮಾಡಾಕ್ತದೆ ಯಜಮಾನ್ರೇ. ಆಮೇಲ್ ಬ್ರಹ್ಮ ಬಂದ್ರೂ ಬರಲ್ಲ. ಯಾಕೆ, ಯಾರಾನ ಮಾಡ್ಕಂಡ್ರಾ?"

"ಇಲ್ಲ ಇಲ್ಲ" ಅಂದೆ. ಎರಡೂ ಡಿಸ್ಕುಗಳನ್ನು ಮೇಜಿನ ಮೇಲೆ ಅವಳು ಇಟ್ಟಿದ್ದ ಹಾಗೆಯೇ ಇಟ್ಟೆ. ತಪ್ಪು ಆಗಿದ್ದು ಗುಂಡಿ ಒತ್ತಿದಾಗ. ಪಾಪ ಶುರುವಾದದ್ದು ಹಾಗೆ ಇಟ್ಟಾಗ.

ಮಾದಪ್ಪನವರಿಗೆ ವಾಯು ಅಷ್ಟೇ ಎಂದು ಗೊತ್ತಾಗಿ ಮಾರನೆಯ ದಿನ ಅವರಿಬ್ಬರೂ ಮರಳಿದರು. ಶೋಭಾ ನಗುನಗುತ್ತಾ ಮೇಜಿನ ಮುಂದೆ ಕೂತು, ಡಿಸ್ಕುಗಳನ್ನು ಒಂದೊಂದಾಗಿ ಕಂಪ್ಯೂಟರಿಗೆ ಹಾಕಿ ನೋಡಿದಳು. ಮುಂದಿನದನ್ನು ಹೇಗೆ ಬರೆಯಲಿ — ಆ ಮುಖದಲ್ಲಿ ನಗು ನಿಧಾನವಾಗಿ ಆರಿದ್ದನ್ನು ಬಾಗಿಲಲ್ಲಿ ನಿಂತು ನೋಡಿದೆ.

"ನಾನ್ ಒದ್ದೆ ಬಟ್ಟೇಲಿ ಒರೆಸ್ದೆ ಕಣವ್ವ, ಅದ್ಕೇ ಆಯ್ತೇನೋ" ಎಂದು ಗಿರಿಜಮ್ಮ ಅಳುವ ಹಾಗಾದಳು.

"ಅದ್ಕಲ್ಲ ಬುಡಿ ಅತ್ತೆ" ಎಂದಳು ಶೋಭಾ. "ಅಪ್ಪನ್ ಫೋನ್ ಬಂದ ಗಾಬ್ರೀಲಿ ಕರೆಂಟ್ ಆರಿಸ್ದೇನೇ ಕಿತ್ಬುಟ್ಟೆ ಅನ್ಸ್ತದೆ. ನಂದೇ ತಪ್ಪು."

ಅತ್ತೆಯನ್ನು ಉಳಿಸಲು ತಪ್ಪನ್ನು ತನ್ನ ಮೇಲೆ ಎಳೆದುಕೊಂಡಳು. ನಾನು ಬಾಗಿಲಲ್ಲೇ ಇದ್ದೆ. ಮಹೇಶ ನನ್ನ ಕಡೆ ತಿರುಗಿ "ನೀನೇನಾರ ಮುಟ್ಟಿದ್ದೇನಪ್ಪ?" ಎಂದು ಕೇಳಿದ. ಇಲ್ಲವೆಂದೆ. ಸಂಜೆ ಅವಳು ಕಾಫಿ ತಂದಿಟ್ಟು, ತಲೆ ಎತ್ತದೆ, "ನೀವು ಪ್ರೀತಿಯಿಂದ ಹೊಸ್ದು ತಂದ್ಕೊಟ್ಟಿದ್ರಿ ಮಾವ. ಅದ್ಕೆ ಸಾಗ್ಸೋ ಮೊದ್ಲೇ ಎಲ್ಲಾ ಹಾಳ್ ಮಾಡ್ಬುಟ್ಟೆ, ಕ್ಷಮಿಸ್ಬುಡಿ" ಎಂದಳು. ಆಗ ನಾನಂದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ:

"ಹೋಗ್ಲಿ ಬುಡವ್ವ. ಎಲ್ರ ಕೈಲೂ ಆಯ್ತದೆ."

ಎಂಥ ಉದಾರಿ ನಾನು.

ಆ ಸೀಸನ್ನಿನ ರವಿಕೆಗಳು ವಾಪಸು ಹೋದವು. ಚಿತ್ರ ಬಿಡಿಸುವುದನ್ನು ಅವಳು ಬಿಟ್ಟಳು. ಊರವರ ಲಂಗ, ಶಾಲೆಯ ಸಮವಸ್ತ್ರ ಹೊಲಿದುಕೊಂಡಿದ್ದಳು. ಎಷ್ಟೋ ದಿನಗಳಾದ ಮೇಲೆ ಮತ್ತೆ ಕಂಪ್ಯೂಟರಿನ ಮುಂದೆ ಕೂತು ಮೊದಲಿನಿಂದ ಶುರು ಮಾಡಿದಳು, ನಿಜ. ಆದರೆ ಅದರ ಒಂದು ವೈರನ್ನು ಮುಟ್ಟಬೇಕಾದರೂ ಮಹೇಶನನ್ನು ಕೂಗುತ್ತಿದ್ದಳು. ನಾನು ಅದನ್ನು ದಿನವೂ ಕಂಡೆ. ಹೇಳಬೇಕು ಎಂದುಕೊಳ್ಳುತ್ತಿದ್ದೆ — ಹಬ್ಬ ಕಳೆಯಲಿ, ಮಗು ಹುಟ್ಟಲಿ, ಅವಳು ಗೆಲುವಾಗಲಿ... ವರ್ಷಗಳು ಹೋದವು.

ಹೋದ ತಿಂಗಳು, ಅಂದು ನಾನು ತಂದಿದ್ದ ಆ ಡಿಸ್ಕೂ ನಿಧಾನವಾಯಿತು. ಮಹೇಶ ಈಗಿನ ಕಾಲದ, ಅಂಗೈಯಲ್ಲಿ ಹಿಡಿಯುವಂಥ ಡಿಸ್ಕು, ಎಸ್‌ಎಸ್‌ಡಿ ತಂದ, ಅಂಥದ್ದೇ ಪೆಟ್ಟಿಗೆಯೂ ಬಂತು. "ತಗಾ, ನೀನೇ ಮಾಡ್ಕ" ಎಂದು ಅವಳ ಮುಂದಿಟ್ಟ. ಅವಳು ಕೈ ಹಿಂದಕ್ಕೆಳೆದುಕೊಂಡಳು.

"ನಂಗ್ ಬ್ಯಾಡ ಕಣ್ರೀ. ನನ್ ಕೈಗುಣ ಸರಿಯಿಲ್ಲ."

ಮಹೇಶ ನಕ್ಕ. "ಅದೂ ನಿಜ ಬುಡು, ಒಂದ್ಸಲ ತೋರಿಸಿದ್ಯಲ್ಲ."

ತಮಾಷೆಗೇ ಅಂದದ್ದು. ಅವಳೂ ನಕ್ಕಳು. ಆ ನಗುವನ್ನು ನನ್ನಿಂದ ನೋಡಲಾಗಲಿಲ್ಲ.

"ಅವತ್ತು ಕೆಡಿಸಿದ್ದು ನಾನು ಕಣಪ್ಪ" ಎಂದೆ. ಇಷ್ಟು ವರ್ಷ ಹೊರಲಾರದೆ ಹೊತ್ತ ಮಾತು, ಬಾಯಿಂದ ಬಿದ್ದಾಗ ಎಷ್ಟು ಚಿಕ್ಕದಾಗಿತ್ತು. ಆಮೇಲೆ ಎಲ್ಲವನ್ನೂ ಹೇಳಿದೆ — ಹೊಳೆಯುವುದನ್ನು ಬಲಕ್ಕೆ ಹಾಕಿದ್ದು, ಅಂಗಡಿಗೆ ಫೋನು ಮಾಡಿದ್ದು, ಇದ್ದ ಹಾಗೆ ಇಟ್ಟದ್ದು. ಮಹೇಶ "ಏನಪ್ಪಾ ನೀನು..." ಎಂದ. ಗಿರಿಜಮ್ಮ "ನಾನು ಒದ್ದೆ ಬಟ್ಟೆ ಒದ್ದೆ ಬಟ್ಟೆ ಅಂತ ಇಷ್ಟ್ ವರ್ಷ ಕೊರಗಿದ್ನಲ್ರೀ" ಎಂದು ಎದ್ದು ಒಳಗೆ ಹೋದಳು.

ಶೋಭಾ ಮಾತ್ರ ತನ್ನ ಕೈಗಳನ್ನೇ ನೋಡುತ್ತಿದ್ದಳು.

"ಅಂಗಾದ್ರೆ ನಾನ್ ಕರೆಂಟ್ ಆರಿಸಿದ್ದೆ" ಎಂದಳು. ನನಗಲ್ಲ, ತನಗೇ. "ಆರಿಸೇ ಕಿತ್ತಿದ್ದೆ."

"ಆರಿಸಿದ್ದೆ ಕಣವ್ವ. ನೀನು ಎಲ್ಲಾನೂ ಸರಿಯಾಗೇ ಮಾಡಿದ್ದೆ."

ಆಗ ಅತ್ತಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಸೆರಗಿನಲ್ಲಿ ಮುಖ ಒರೆಸಿಕೊಂಡು, "ನಮ್ಮಪ್ಪಂಗೂ ಇದ್ನ ಹೇಳಿ ಮಾವ. ಅವ್ರೂ ನಂಗೇ ಬೈದಿದ್ರು" ಎಂದಳು. ಅವಳು ನನ್ನಿಂದ ಕೇಳಿದ್ದು ಅದೊಂದನ್ನೇ.

ಮರುದಿನ ಹೊರಟೆ. ಹುಣಸೂರಿನಲ್ಲೊಮ್ಮೆ, ಹ್ಯಾಂಡ್‌ಪೋಸ್ಟಿನಲ್ಲೊಮ್ಮೆ ಬಸ್ಸು ಬದಲಿಸಿ ಹಂಪಾಪುರ ತಲುಪಿದೆ. ನನ್ನ ಮಾತನ್ನು ಪೂರ್ತಿ ಕೇಳಿ ಮಾದಪ್ಪನವರು ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದರು.

"ನನ್ ಮಗಳಿಗೆ ನನ್ ಬಾಯಲ್ಲೂ ಬೈಸ್ಬುಟ್ರಲ್ಲ ಬೀಗ್ರೇ" ಎಂದರು. "ತಪ್ಪು ನೀವ್ ಮಾಡಿ, ನಂಗೂ ಪಾಲು ಕೊಟ್ರಿ." ಎಲೆಯನ್ನು ಪಕ್ಕಕ್ಕಿಟ್ಟು, "ಕೂತ್ಕಳಿ. ಉಣ್ಣದೆ ಹೋಗ್ಬ್ಯಾಡಿ" ಎಂದರು. ಉಂಡೇ ಬಂದೆ.

ಸಂಜೆ ಮನೆಗೆ ಬಂದಾಗ ಶೋಭಾ ಕಂಪ್ಯೂಟರಿನ ಮುಂದಿದ್ದಳು. ಹಳೆಯದರಿಂದ ಹೊಸದಕ್ಕೆ ಎಲ್ಲವನ್ನೂ ತಾನೇ ಸಾಗಿಸಿ ಮುಗಿಸಿದ್ದಳು, ಯಾರನ್ನೂ ಕೂಗದೆ. ಪರದೆಯ ಮೇಲೆ ಚಿತ್ರಗಳು ಒಂದರ ಹಿಂದೊಂದು ತೆರೆದುಕೊಳ್ಳುತ್ತಿದ್ದವು. ತಿರುಗಿ ನೋಡದೆಯೇ, "ಅಪ್ಪಂಗೆ ಹೇಳಿದ್ರಾ?" ಎಂದಳು. ಹೇಳಿದೆ ಎಂದೆ. ತಲೆಯಾಡಿಸಿದಳು.

ನನ್ನ ಎದೆ ಈಗ ಹಗುರವಾಗಿದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಅವಳು ಕಳೆದುಕೊಂಡ ವರ್ಷಗಳು ನನ್ನ ಹಗುರದಿಂದ ಮರಳುವುದಿಲ್ಲ. ಕ್ಷಮೆ ಕೇಳುವ ಮಾತು ಆ ಸಂಜೆ ನನ್ನ ನಾಲಿಗೆಯ ತುದಿಗೇ ಬಂದಿತ್ತು. ಕೇಳಲಿಲ್ಲ. ಕೇಳಿದರೆ ಅವಳು ಕೊಟ್ಟುಬಿಡುತ್ತಾಳೆ — ಅದು ನನಗೆ ಗೊತ್ತು.