ಅರ್ಧಕ್ಕೆ ನಿಂತ ಅವರೆ ಸಾಲು

ಅಂದು ಭಾನುವಾರ. ಚೌಳಹಿರಿಯೂರಿನ ನಮ್ಮ ಹೊಲದಲ್ಲಿ ರಾಗಿ ಬಿತ್ತನೆ ನಡೆದಿತ್ತು. ಅಣ್ಣ ಎತ್ತು ಹೊಡೆಯುತ್ತಿದ್ದ, ಅತ್ತಿಗೆ ಕೂರಿಗೆಗೆ ರಾಗಿ ಬಿಡುತ್ತಿದ್ದರು. ಕೂರಿಗೆಯ ಹಿಂದೆ ಹಗ್ಗದಲ್ಲಿ ಕಟ್ಟಿದ ಬಿದಿರಿನ ಕೊಳವೆ, ಸಡ್ಡೆ, ಹಿಡಿದು ನನ್ನ ಹೆಂಡತಿ ರಾಗಿಯ ನಡುವಿನ ಅಕ್ಕಡಿ ಸಾಲಿಗೆ ಅವರೆಕಾಳು ಬಿಡುತ್ತಾ ಬರುತ್ತಿದ್ದಳು. ನಾನು ಬದುವಿನ ಮೇಲೆ ಕೂತು ಶಾಲೆಯ ಹಾಜರಿ ಪುಸ್ತಕಕ್ಕೆ ಹೊಸ ಮಕ್ಕಳ ಹೆಸರು ಬರೆಯುತ್ತಿದ್ದೆ.

ಸಾಲಿನ ನಡುವೆ ಅವಳು ಕುಸಿದು ಕೂತಳು. ಮುಂದಿದ್ದ ಅಣ್ಣ ಅತ್ತಿಗೆಗೆ ಗೊತ್ತಾಗಲಿಲ್ಲ, ಅಣ್ಣ ಆ ಸಾಲನ್ನು ಕೊನೆಯವರೆಗೂ ಹೊಡೆದೇ ತಿರುಗಿ ನೋಡಿದ. ಕಡೂರಿನ ಆಸ್ಪತ್ರೆ ತಲುಪುವಷ್ಟರಲ್ಲಿ ಅವಳ ಎದೆಬಡಿತ ನಿಂತಿತ್ತು.

ರಾಗಿ ಮೊಣಕಾಲೆತ್ತರ ಬಂದಾಗ ಕೃಷಿ ಇಲಾಖೆಯಿಂದ ಹೊಸಬರೊಬ್ಬರು ಬೆಳೆ ನೋಡಲು ಬಂದರು. ನಮ್ಮ ಮನೆಯ ವಿಷಯ ಅವರಿಗೆ ಗೊತ್ತಿರಲಿಲ್ಲ.

"ಏನ್ ಮೇಷ್ಟ್ರೇ, ಈ ಸಾಲಲ್ಲಿ ಅವರೆ ಅರ್ಧಕ್ಕೇ ನಿಂತಿದೆ? ಮಕ್ಕಳಿಗೆ ಲೆಕ್ಕ ಹೇಳ್ಕೊಡೋರು ನೀವೇ ಬೀಜದ ಲೆಕ್ಕ ತಪ್ಪಿದ್ರಾ?" ಎಂದು ನಕ್ಕರು.

ಅಣ್ಣ ಮುಖ ತಿರುಗಿಸಿದ. ಅವರು ಚೀಲದಿಂದ ಹಿಡಿ ಹುರುಳಿ ತೆಗೆದರು. "ಇನ್ನೂ ಹದ ಇದೆ ಕಣ್ರೀ. ಇದನ್ನಾದ್ರೂ ಹಾಕ್ಬಿಡೋಣ" ಎಂದು ಖಾಲಿ ಜಾಗಕ್ಕೆ ಕಾಲಿಟ್ಟರು. ನಾನು ಅವರ ಮಣಿಕಟ್ಟು ಹಿಡಿದೆ.

"ಬೇಡಿ ಸಾರ್. ಅದು ಹಾಗೇ ಇರ್ಲಿ."

"ಯಾಕ್ರೀ? ಜಾಗ ಸುಮ್ನೆ ಹಾಳಲ್ವಾ?"

ಪೂರ್ಣ ವಾಕ್ಯದಲ್ಲಿ ಉತ್ತರ ಹೇಳಬೇಕೆಂದು ಮಕ್ಕಳನ್ನು ದಿನವೂ ಗದರುವವನು ನಾನು. ಆಗ ಅವರ ಮಣಿಕಟ್ಟನ್ನೇ ಹಿಡಿದು ನಿಂತಿದ್ದೆ. ಅವರು ನನ್ನ ಮುಖ ನೋಡಿ ದನಿ ತಗ್ಗಿಸಿದರು.

"ಬೀಜ ಸಾಲ್ದೇ ಹೋಯ್ತಾ?"

"ಹೂಂ" ಎಂದೆ.

ಅವರು ಹುರುಳಿಯನ್ನು ಚೀಲಕ್ಕೆ ಹಾಕಿಕೊಂಡು, ಪುಸ್ತಕ ತೆರೆದು, "ಬೀಜದ ಕೊರತೆ" ಎಂದು ಬರೆದುಕೊಂಡರು.